ಷರತ್ತು ಮಾವ

ಟೀವಿ ಜಾಹೀರಾತು ಮುಗಿಯುವ ಹೊತ್ತಿಗೆ ಒಬ್ಬ ಪುಣ್ಯಾತ್ಮ ಉಸಿರು ಬಿಡದೆ ಓಡಿಸುತ್ತಾನಲ್ಲ, ಷರತ್ತುಗಳು ಅನ್ವಯಿಸುತ್ತವೆ, ದಾಖಲೆಗಳನ್ನು ಎಚ್ಚರಿಕೆಯಿಂದ ಓದಿ ಎಂದು, ಆ ಮಾತನ್ನು ಅಕ್ಷರಶಃ ಪಾಲಿಸುವವರು ನಮ್ಮಲ್ಲಿ ಮನೆತನಕ್ಕೆ ಒಬ್ಬರಾದರೂ ಇರುತ್ತಾರೆ. ನಮ್ಮ ಪಾಲಿಗೆ ಬಂದವರು ನನ್ನ ಸೋದರಮಾವ. ಹುಡುಗರೆಲ್ಲ ಬೆನ್ನ ಹಿಂದೆ ‘ಷರತ್ತು ಮಾವ’ ಎನ್ನುತ್ತಿದ್ದೆವು. ಒಮ್ಮೆ ಅದು ಅವರ ಕಿವಿಗೂ ಬಿತ್ತು. ಬೇಜಾರು ಮಾಡಿಕೊಳ್ಳಲಿಲ್ಲ, ಬಿರುದು ಎಂದುಕೊಂಡರು.

ಇಂಥವರನ್ನು ಗುರುತಿಸುವುದು ಕಷ್ಟವಲ್ಲ. ಕಂಕುಳಲ್ಲಿ ಪ್ಲಾಸ್ಟಿಕ್ಕಿನ ಬಟನ್ ಫೋಲ್ಡರ್, ಅದರೊಳಗೆ ಪ್ರತಿಯೊಂದರ ಎರಡೆರಡು ಜೆರಾಕ್ಸ್. ಮಾತ್ರೆ ಡಬ್ಬಿಯೊಳಗೆ ಮಡಿಸಿ ಮಡಿಸಿ ತುರುಕಿದ ಕಾಗದವನ್ನು ಬಿಡಿಸಿ, ಪೂರ್ತಿ ಓದಿ, ಮತ್ತೆ ಅದೇ ಮಡಿಕೆಗೆ ತರಬಲ್ಲವರು ಇವರು. ಡ್ರೈಕ್ಲೀನಿಂಗ್ ಅಂಗಡಿಯ ಚೀಟಿಯನ್ನು ಮೊದಲು ಹಿಂದಕ್ಕೆ ತಿರುಗಿಸುತ್ತಾರೆ, ಮುಂಬದಿ ಬರೀ ಅಲಂಕಾರ ಎಂಬುದು ಅವರ ನಂಬಿಕೆ. ನನ್ನ ತಂಗಿಯ ಮದುವೆಗೆ ಕಲ್ಯಾಣಮಂಟಪ ಗೊತ್ತು ಮಾಡಲು ಹೋದಾಗ ನಾವೆಲ್ಲ ವೇದಿಕೆ, ದೀಪ, ಊಟದ ಮನೆ ನೋಡುತ್ತಿದ್ದರೆ ಮಾವ ಕರಾರುಪತ್ರದ ಒಂದು ಸಾಲಿನ ಮೇಲೆ ಬೆರಳಿಟ್ಟು ಮ್ಯಾನೇಜರನ್ನು ಕೇಳಿದರು: “ಪಾತ್ರೆ ನಷ್ಟಕ್ಕೆ ಬಾಡಿಗೆದಾರರೇ ಹೊಣೆ ಅಂತಿದೆ. ನಷ್ಟ ಅಂದ್ರೆ ಕಳೆದುಹೋಗೋದೋ, ಸೊಟ್ಟ ಆಗೋದೋ?” ಆತ ಇಪ್ಪತ್ತು ವರ್ಷದಿಂದ ಆ ಮಂಟಪ ನಡೆಸುತ್ತಿದ್ದರೂ ಅಂಥ ಪ್ರಶ್ನೆಯನ್ನು ಎದುರಿಸಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು.

ಮಾವ ಒಂದು ಸರ್ಕಾರಿ ವಿಮಾ ಕಂಪನಿಯ ಮೋಟಾರ್ ಕ್ಲೇಮ್ಸ್ ವಿಭಾಗದಲ್ಲಿದ್ದು ರಿಟೈರಾದವರು. ಗುದ್ದಿಸಿಕೊಂಡ ಕಾರನ್ನು ಗ್ಯಾರೇಜಿಗೆ ಬಿಟ್ಟು, ಹೇಗೂ ದುಡ್ಡು ಬರುತ್ತದೆ, ಹಳೇ ಗೀರುಗಳನ್ನೂ ಇದರಲ್ಲೇ ಸರಿಮಾಡಿಸಿಬಿಡೋಣ ಎಂದು ಲೆಕ್ಕ ಹಾಕುವ ನಮ್ಮಂಥವರಿಗೂ ಆ ದುಡ್ಡಿಗೂ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದವರು. ರಬ್ಬರು, ಪ್ಲಾಸ್ಟಿಕ್, ಟೈರು, ಬ್ಯಾಟರಿಗೆ ಶೇ 50 ಸವಕಳಿ. ಫೈಬರಿಗೆ ಶೇ 30. ಗಾಜಿಗೆ ಮಾತ್ರ ಕಡಿತವಿಲ್ಲ. ಇದನ್ನು ಅವರು ನಿದ್ದೆಯಲ್ಲೂ ಹೇಳುತ್ತಾರೆ ಎಂದು ಅತ್ತೆಯ ಸಾಕ್ಷ್ಯವಿದೆ. ವೃತ್ತಿಜೀವನದಲ್ಲಿ ಅವರು ಅತಿ ಹೆಚ್ಚು ಸಲ ಆಡಿದ ವಾಕ್ಯ ಒಂದೇ: “ಇದು ಹಳೇ ಗೀರು.”

ಸ್ವಂತ ಕಾರಿನ ವಿಷಯದಲ್ಲೂ ಅಷ್ಟೇ. ಐದು ವರ್ಷ ಕ್ಲೇಮ್ ಮಾಡದೆ ಇದ್ದರೆ ಮುಂದಿನ ಪ್ರೀಮಿಯಮ್ಮಿನ ಸ್ವಂತ ಹಾನಿಯ ಭಾಗದಲ್ಲಿ ಶೇ 50ರಷ್ಟು ‘ನೋ ಕ್ಲೇಮ್ ಬೋನಸ್’ ಸಿಗುತ್ತದೆ. ಮಾವ ಆ ಶೇ 50ರ ಶಿಖರವನ್ನು ಏರಿ ಯಾವ ಕಾಲವಾಯಿತೋ, ಅಲ್ಲಿಂದ ಕೆಳಗಿಳಿದಿಲ್ಲ. ಯಾವುದೋ ಬಸ್ಸು ಸವರಿಕೊಂಡು ಹೋಗಿ ಅವರ ಕಾರಿನ ಎಡಗನ್ನಡಿ ಜೋತುಬಿದ್ದಾಗ ಕಂದು ಬಣ್ಣದ ಗಮ್ ಟೇಪ್ ಸುತ್ತಿ, ಅದೇ ಕನ್ನಡಿಯಲ್ಲಿ ಬನಶಂಕರಿಯ ಅರ್ಧಭಾಗವನ್ನು ನೋಡಿಕೊಂಡು ಎರಡು ಮಳೆಗಾಲ ಓಡಿಸಿದರು. “ವರ್ಷಾವರ್ಷ ವಿಮೆ ಕಟ್ಟೋದು ಯಾಕೆ ಹಾಗಾದ್ರೆ?” ಎಂದು ಅತ್ತೆ ಕೇಳಿದ್ದಕ್ಕೆ, “ಕಟ್ಟೋದು ಕಾನೂನು, ಕೇಳೋದು ದುಂದು” ಎಂದರು.

ಅವರ ಮೇಲೆ ನಮ್ಮ ದೂರು ಇಷ್ಟೆ: ಅವರು ಹೇಳುವುದೆಲ್ಲ ಸರಿಯಾಗಿರುತ್ತದೆ. ತಪ್ಪಾಗಿದ್ದರೆ ಎಷ್ಟೋ ನೆಮ್ಮದಿ ಇರುತ್ತಿತ್ತು.

ಮಾವ, ಅತ್ತೆ ನೆದರ್‌ಲ್ಯಾಂಡ್ಸಿಗೆ, ನಮ್ಮ ಮನೆಗೆ ಬಂದಿದ್ದ ಬೇಸಿಗೆಯಲ್ಲಿ ಎಲ್ಲರೂ ಐಸ್‌ಲ್ಯಾಂಡ್ ನೋಡಿಕೊಂಡು ಬರೋಣ ಎಂದು ಹೊರಡಿಸಿದವರು ಅತ್ತೆ. 2015ರ ಹಿಂದಿ ಸಿನಿಮಾ ‘ದಿಲ್‌ವಾಲೆ’ಯ ಹಾಡೊಂದರಲ್ಲಿ ಶಾರುಖ್ ಖಾನ್, ಕಾಜೋಲ್ ಇಬ್ಬರೂ ಕಪ್ಪು ಮರಳಿನ ಮೇಲೆ, ಮುರಿದ ವಿಮಾನದ ಮುಂದೆ, ಜಲಪಾತದ ಬುಡದಲ್ಲಿ ನಿಂತಿದ್ದನ್ನು ನೋಡಿದಂದಿನಿಂದ ಅವರಿಗೆ ಆ ದೇಶದ ಮೇಲೆ ಕಣ್ಣು. ಅಲ್ಲಿ ಬಸ್ಸು, ರೈಲು ನೆಚ್ಚಿಕೊಂಡರೆ ಆಗದು. ರೈಲಂತೂ ಇಲ್ಲವೇ ಇಲ್ಲ. ದ್ವೀಪದ ಸುತ್ತ ಸಾವಿರದ ಮುನ್ನೂರು ಕಿಲೋಮೀಟರಿನ ಒಂದು ಉಂಗುರ ರಸ್ತೆ. ಕಾರು ಬಾಡಿಗೆಗೆ ಹಿಡಿಯಲೇಬೇಕು. ನಾನು ಆ ಮಾತು ಎತ್ತಿದ್ದೇ ತಡ, ಮಾವ ಓದುತ್ತಿದ್ದ ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟರು. ರಿಟೈರಾದ ಮೇಲೆ ಅವರ ಮುಖದಲ್ಲಿ ಅಂಥ ಕಳೆಯನ್ನು ನಾನು ಕಂಡಿರಲಿಲ್ಲ.

“ಕರಾರು ಬಂದಿದ್ಯಾ? ಪ್ರಿಂಟ್ ತೆಗಿ” ಎಂದರು.

“ಫೋನಲ್ಲೇ ಓದಬಹುದಲ್ಲ ಮಾವ.”

“ಫೋನಲ್ಲಿ ಓದಿದ್ದು ಓದಿದ್ದಲ್ಲ ಕಣೋ. ಅಡಿಗೆರೆ ಎಲ್ಲಿ ಎಳೀಲಿ?”

ಪ್ರಿಂಟ್ ತೆಗೆದೆ. ಅವರು ಕೆಂಪು ಪೆನ್ನು ಹಿಡಿದು ಬಾಲ್ಕನಿಯಲ್ಲಿ ಕೂತರು. ಸಂಜೆಗೆ ತರಗತಿ ಶುರು.

“ನೋಡು, ಸಿ.ಡಿ.ಡಬ್ಲ್ಯೂ. ಅಂತ ದಪ್ಪಕ್ಷರದಲ್ಲಿ ಹಾಕಿದಾನಲ್ಲ, ಇದನ್ನ ಎಲ್ಲರೂ ಇನ್ಶೂರೆನ್ಸ್ ಅಂದ್ಕೋತಾರೆ. ಇನ್ಶೂರೆನ್ಸೇ ಅಲ್ಲ ಇದು. ಕಾರು ಅವನದು. ನೀನು ಹಾಳು ಮಾಡಿದ್ರೆ ನಿನ್ನ ಹತ್ರ ವಸೂಲಿ ಮಾಡೋ ಹಕ್ಕು ಅವನಿಗಿದೆ. ಆ ಹಕ್ಕನ್ನ ಇಷ್ಟರ ಮೇಲೆ ಬಿಟ್ಟುಕೊಡ್ತೀನಿ ಅಂತಾನೆ, ಅಷ್ಟೇ. ಎಷ್ಟರ ಮೇಲೆ? ಎರಡು ಸಾವಿರ ಯೂರೊ ಮೇಲೆ. ಅಲ್ಲೀ ತನಕ ನಿನ್ನ ತಲೆ.”

“ಎರಡು ಲಕ್ಷ ರೂಪಾಯಿ ಹತ್ತತ್ರ ಆಯ್ತಲ್ಲ ಮಾವ!”

“ಅದಕ್ಕೇ ಕಾರು ಕೊಡೋ ಮುಂಚೆ ನಿನ್ನ ಕ್ರೆಡಿಟ್ ಕಾರ್ಡಿನಲ್ಲಿ ಒಂದಷ್ಟು ಮೊತ್ತ ತಡೆಹಿಡೀತಾನೆ. ಡೆಬಿಟ್ ಕಾರ್ಡ್ ಕೊಟ್ರೆ ಬಹಳ ಕಡೆ ಮುಟ್ಟೋದೂ ಇಲ್ಲ. ಕಾರ್ಡಿನ ಮೇಲಿರೋ ಹೆಸರೂ ಓಡಿಸೋನ ಹೆಸರೂ ಒಂದೇ ಆಗಿರಬೇಕು. ನಿನ್ನ ಕಾರ್ಡು ಸರಿಯಾಗಿದ್ಯಾ? ಲಿಮಿಟ್ ಎಷ್ಟಿದೆ?”

ನನ್ನ ಹೆಂಡತಿ ಒಳಗಿನಿಂದ, “ವೀಸಾಗೆ ಅಂತ ನೀವು ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿದ್ದೀರಲ್ಲ ಮಾವ, ಅದರಲ್ಲಿ ಬರಲ್ವಾ?” ಎಂದಳು. ಮಾವ ನಕ್ಕರು. ಷೆಂಗೆನ್ ವೀಸಾಕ್ಕೆ ಬೇಕಾದ ಮೂವತ್ತು ಸಾವಿರ ಯೂರೊಗಳ ಆ ಪಾಲಿಸಿ ಆಸ್ಪತ್ರೆ ಖರ್ಚಿಗೆ, ಕಾಯಿಲೆ ಬಿದ್ದವರನ್ನು ಊರಿಗೆ ಸಾಗಿಸುವುದಕ್ಕೆ. “ಕಾರಿನಿಂದ ನನಗೆ ಏಟಾದ್ರೆ ಕೊಡ್ತಾರಮ್ಮ. ನನ್ನಿಂದ ಕಾರಿಗೆ ಏಟಾದ್ರೆ ಕೊಡಲ್ಲ.” ಇಷ್ಟು ಚೊಕ್ಕವಾಗಿ ಆ ವ್ಯತ್ಯಾಸವನ್ನು ಯಾವ ಏಜೆಂಟೂ ನನಗೆ ಹೇಳಿರಲಿಲ್ಲ ಎಂಬುದನ್ನು ಒಪ್ಪಲೇಬೇಕು.

ಆ ಎರಡು ಸಾವಿರವನ್ನು ಸೊನ್ನೆಗೆ ಇಳಿಸುವ ‘ಸೂಪರ್’ ರಕ್ಷಣೆಯನ್ನು ಕಾರಿನವನಿಂದಲೇ ಕೊಳ್ಳಬಹುದು, ದುಬಾರಿ. ಬೇರೆ ಕಂಪನಿಯಿಂದ ಹೊರಗೆ ಕೊಂಡರೆ ಅಗ್ಗ. ನಾನು ಅಗ್ಗದ್ದೇ ಸಾಕು ಎಂದೆ. ಮಾವ ಕನ್ನಡಕ ತೆಗೆದು ಒರೆಸಿಕೊಂಡರು. “ಆಸ್ಪತ್ರೇಲಿ ಕ್ಯಾಶ್‌ಲೆಸ್ಸು, ರೀಇಂಬರ್ಸ್‌ಮೆಂಟು ಗೊತ್ತು ತಾನೆ? ಕಾರಿನೋನ ಹತ್ರ ತಗೊಂಡಿದ್ದು ಕ್ಯಾಶ್‌ಲೆಸ್ಸು. ಹೊರಗೆ ತಗೊಂಡ್ರೆ ಮೊದಲು ನೀನು ಕಟ್ಟಬೇಕು, ಆಮೇಲೆ ಬಿಲ್ಲು, ಪೊಲೀಸ್ ರಿಪೋರ್ಟು, ಕರಾರಿನ ಪ್ರತಿ ಎಲ್ಲಾ ಕಳಿಸಿ ಕಾಯಬೇಕು. ಕಾಯಿಸೋದು ಹೇಗೆ ಅಂತ ನನಗೆ ಗೊತ್ತು. ಕಾಯೋ ಶಕ್ತಿ ನಿನಗಿದ್ಯಾ?” ಶತ್ರುಪಾಳಯದ ಸೇನಾಪತಿಯೇ ಬಂದು ಕೋಟೆಯ ನಕ್ಷೆ ಬಿಡಿಸಿದ ಮೇಲೆ ಎದುರು ಮಾತೇನು? ಸೂಪರ್ ಎಂದೇ ತೀರ್ಮಾನವಾಯಿತು.

ಕೆಫ್ಲಾವಿಕ್ ವಿಮಾನ ನಿಲ್ದಾಣದ ಹೊರಗೆ ಗಾಳಿ ನಮ್ಮನ್ನು ಸ್ವಾಗತಿಸಿದ ರೀತಿಯಲ್ಲೇ ಮಾವನಿಗೆ ಅನುಮಾನ ಬಂದಿತ್ತು. ಮಂಕಿ ಕ್ಯಾಪನ್ನು ಇನ್ನಷ್ಟು ಎಳೆದುಕೊಂಡು, ಫೋಲ್ಡರನ್ನು ಎದೆಗವುಚಿಕೊಂಡು ಕೌಂಟರಿಗೆ ನಡೆದರು. ಅಲ್ಲಿ ಹಳದಿ ಗಡ್ಡದ ಹುಡುಗ. ಅವನ ಹಿಂದೆ ಗೋಡೆಯ ಮೇಲೆ ದರಪಟ್ಟಿ. ನಮ್ಮ ದೇವಸ್ಥಾನಗಳಲ್ಲಿ ಕುಂಕುಮಾರ್ಚನೆಗೆ ಇಷ್ಟು, ಹೂವಿನ ಅಲಂಕಾರಕ್ಕೆ ಇಷ್ಟು, ಸರ್ವಸೇವೆಗೆ ಇಷ್ಟು ಎಂದು ಬೋರ್ಡು ಹಾಕಿರುತ್ತಾರಲ್ಲ, ಥೇಟ್ ಹಾಗೆ. ಜಲ್ಲಿಕಲ್ಲು ಸಿಡಿದರೆ ಒಂದು ರಕ್ಷಣೆ. ಮರಳು ಮತ್ತು ಜ್ವಾಲಾಮುಖಿಯ ಬೂದಿಗೆ ಇನ್ನೊಂದು. ಕಳ್ಳತನಕ್ಕೆ ಮತ್ತೊಂದು. ಎಲ್ಲ ಸೇರಿದ ಪ್ಲಾಟಿನಂ ಸೇವೆ ಕೊನೆಯಲ್ಲಿ.

ಬೂದಿ ಎಂದರೆ ತಮಾಷೆಯಲ್ಲ. 2010ರ ಏಪ್ರಿಲ್‌ನಲ್ಲಿ ಅಲ್ಲಿನ ಎಯ್ಯಾಫ್ಯಾಟ್ಲಾಯೋಕುಟ್ಲ್ ಎಂಬ, ಹೆಸರು ಹೇಳುವಷ್ಟರಲ್ಲಿ ಸಿಡಿದು ಮುಗಿಯಬಹುದಾದ ಪರ್ವತ ಉಗುಳಿದ ಬೂದಿಯಿಂದ ಯುರೋಪಿನ ಬಹುಪಾಲು ವಿಮಾನಗಳು ದಿನಗಟ್ಟಲೆ ನೆಲ ಹಿಡಿದಿದ್ದವು. ದಕ್ಷಿಣ ತೀರದ ಕಪ್ಪು ಮರಳುಗಾಡಿನಲ್ಲಿ ಬಿರುಗಾಳಿ ಎದ್ದರೆ ಆ ಮರಳು ಕಾರಿನ ಬಣ್ಣವನ್ನು ಉಜ್ಜಿ ತೆಗೆದು, ಗಾಜನ್ನು ಮಂಜಾಗಿಸಿಬಿಡುತ್ತದೆ. ಮಾಮೂಲಿ ಸಿ.ಡಿ.ಡಬ್ಲ್ಯೂ.ನಲ್ಲಿ ಇದು ಸೇರುವುದಿಲ್ಲ. ಹುಡುಗ ತನ್ನ ಫೋನಿನಲ್ಲಿ ಒಂದು ಫೋಟೊ ತೋರಿಸಿದ. ಒಂದು ಪಕ್ಕ ಪೂರ್ತಿ ಬೆತ್ತಲಾದ ಕಾರು. ಅತ್ತೆ “ಅಯ್ಯೋ ಪಾಪ” ಎಂದರು. ಮಾವ ಫೋಟೊವನ್ನು ದೊಡ್ಡದು ಮಾಡಿ ನೋಡಿ, “ಹಿಂದಿನ ಟೈರು ಮೊದಲೇ ಸವೆದಿದೆ” ಎಂದರು.

ಕಳ್ಳತನದ ರಕ್ಷಣೆ ಬಗ್ಗೆ ಅವರಿಗೆ ಅಸಮಾಧಾನ. ನಾಲ್ಕು ಲಕ್ಷಕ್ಕೂ ಕಡಿಮೆ ಜನರಿರುವ ದ್ವೀಪ. ಕದ್ದವನು ಎಲ್ಲಿಗೆ ಒಯ್ಯುತ್ತಾನೆ? ಉಂಗುರ ರಸ್ತೆಯಲ್ಲಿ ಸುತ್ತಿ ಮತ್ತೆ ಇಲ್ಲಿಗೇ ಬರಬೇಕಲ್ಲ! ಅದು ಬಾಡಿಗೆಯಲ್ಲೇ ಸೇರಿದೆ, ಬೇರೆ ದುಡ್ಡಿಲ್ಲ ಎಂದು ಹುಡುಗ ಹೇಳಿದ ಮೇಲೂ, ಹಾಗಾದರೆ ಅದನ್ನು ತೆಗೆದು ಬಾಡಿಗೆ ಕಡಿಮೆ ಮಾಡಬಹುದೇ ಎಂದು ವಿಚಾರಿಸಿದರು.

ನಾನು ನಡುವೆ ಬಾಯಿ ಹಾಕಿದೆ. “ಪ್ಲಾಟಿನಂ ತಗೊಂಡುಬಿಡೋಣ ಮಾವ. ಬಂಪರ್ ಟು ಬಂಪರ್ ಆಗತ್ತೆ.”

“ಬಂಪರಿಂದ ಬಂಪರಿಗೆ ಸರಿ. ಕೆಳಗೆ? ಮೇಲೆ?”

ಕರಾರಿನ ಕೊನೆಯ ಪುಟದಲ್ಲಿ ಅವರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದನ್ನು ಬಿಡಿಸಿ ತೋರಿಸಿದರು. ಕಾರಿನ ತಳ ಕಲ್ಲಿಗೆ ತಗುಲಿದರೆ ಯಾವ ರಕ್ಷಣೆಯೂ ಇಲ್ಲ. ಹೊಳೆ ದಾಟಲು ಹೋಗಿ ಎಂಜಿನ್ನಿಗೆ ನೀರು ನುಗ್ಗಿದರೆ ಇಲ್ಲ. ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿದರೆ ಇಲ್ಲ. ಕೀ ಕಳೆದರೆ ಇಲ್ಲ. ಕುಡಿದು ಓಡಿಸಿದರೆ ಸರಿಯೇ ಸರಿ. ಎಲ್ಲಕ್ಕಿಂತ ವಿಚಿತ್ರವಾದದ್ದು, ಗಾಳಿಗೆ ಬಾಗಿಲು ಕಿತ್ತುಕೊಂಡರೆ ಇಲ್ಲ. ಇಳಿಯಲು ಬಾಗಿಲು ತೆರೆದಾಗ ಗಾಳಿ ಅದನ್ನು ಹಿಂದಕ್ಕೆ ಮುರಿದುಹಾಕುವುದು ಆ ದೇಶದಲ್ಲಿ ನಿತ್ಯದ ಕತೆ. ಪ್ಲಾಟಿನಂ ಕೊಂಡವನೂ ಅದಕ್ಕೆ ಕೈಯಿಂದಲೇ ತೆರಬೇಕು.

“ಅಂದ್ರೆ ಆಗೋದಕ್ಕೆಲ್ಲ ವಿಮೆ ಇಲ್ಲ, ಆಗದೆ ಇರೋದಕ್ಕೆಲ್ಲ ಇದೆ” ಎಂದರು ಅತ್ತೆ.

“ಅದೇ ಕಣೇ ಇನ್ಶೂರೆನ್ಸು” ಎಂದರು ಮಾವ, ಹೆಮ್ಮೆಯಿಂದ.

ಆಮೇಲೆ ಮೊಣಕೈಯನ್ನು ಕೌಂಟರಿನ ಮೇಲೂರಿ ಹುಡುಗನ ಕಡೆ ತಿರುಗಿದರು. ವಿಮೆಯವರಿಗೆ ಪ್ರಾಣಪ್ರಿಯವಾದ ತತ್ವವೊಂದಿದೆ: ನಷ್ಟಕ್ಕೆ ಹತ್ತು ಕಾರಣಗಳಿದ್ದರೂ ಅವುಗಳಲ್ಲಿ ಮುಖ್ಯವಾದದ್ದು, ನೇರವಾದದ್ದು ಯಾವುದು ಎಂದು ಹಿಡಿಯಬೇಕು, ಅದು ಪಾಲಿಸಿಯಲ್ಲಿದ್ದರೆ ದುಡ್ಡು. ಆ ಹುಡುಗನಿಗೆ ಮಾವ ಹಾಕಿದ ಪ್ರಶ್ನೆ ಹೀಗಿತ್ತು: ಜ್ವಾಲಾಮುಖಿ ಬೂದಿ ಉಗುಳುತ್ತದೆ. ಬೂದಿಗೆ ಬೆದರಿದ ಕುರಿಯೊಂದು ರಸ್ತೆಗೆ ಹಾರುತ್ತದೆ. ಮುಂದಿನ ಕಾರಿನವನು ಬ್ರೇಕ್ ಹಾಕಿ ಪಕ್ಕದ ಜಲ್ಲಿಗೆ ಇಳಿಸುತ್ತಾನೆ. ಅವನ ಚಕ್ರದಿಂದ ಕಲ್ಲು ಸಿಡಿದು ನಮ್ಮ ಗಾಜು ಒಡೆಯುತ್ತದೆ. ಇದು ಬೂದಿಯ ಲೆಕ್ಕವೋ, ಕುರಿಯ ಲೆಕ್ಕವೋ, ಕಲ್ಲಿನದೋ?

ಹಿಂದಿನ ಸಾಲಿನಲ್ಲಿ ಮಗುವೊಂದು ಅಳಲಾರಂಭಿಸಿತು. ಹುಡುಗ ಗಡ್ಡ ಸವರಿಕೊಂಡು ಮಾವನನ್ನೇ ನೋಡಿದ. ಕೊನೆಗೆ, “ಕುರಿಗೆ ಗುದ್ದಿದರೆ ಮೊದಲು ಪೊಲೀಸರಿಗೆ ಫೋನ್ ಮಾಡಿ, 112” ಎಂದಷ್ಟೇ ಹೇಳಿದ. ಮಾವ ಅದನ್ನು ಬರೆದುಕೊಂಡರು.

ಸಹಿ ಹಾಕುವ ಮುಂಚೆ ಇನ್ನೊಂದು ಕೆಲಸ ಮಾಡಿಸಿದರು. ನನ್ನ ಹೆಂಡತಿಯ ಹೆಸರನ್ನೂ ಚಾಲಕಿಯೆಂದು ಸೇರಿಸಬೇಕು ಎಂದು ಹಟ. ಅವಳು ಓಡಿಸುವುದು ಅನುಮಾನ ಎಂದು ನಾನು ಹೇಳಿದರೆ, “ಕರಾರಿನಲ್ಲಿ ಹೆಸರಿಲ್ಲದವರು ಸ್ಟೀರಿಂಗ್ ಹಿಡಿದ ಕ್ಷಣ ಎಲ್ಲ ರಕ್ಷಣೇನೂ ಸತ್ತ ಹಾಗೆ ಕಣೋ. ನಿನಗೆ ಹೊಟ್ಟೆನೋವು ಬಂದ್ರೆ?” ಎಂದರು. ಅವರ ಜೇಬಿನಲ್ಲೂ ಬೂದುಬಣ್ಣದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಪುಸ್ತಕವಿತ್ತು. ಜಯನಗರ ಆರ್‌ಟಿಒದಲ್ಲಿ ಫಾರಂ 4ಎ ತುಂಬಿ, ಸಾವಿರ ರೂಪಾಯಿ ಕಟ್ಟಿ ತಂದದ್ದು. ಒಂದು ವರ್ಷ ಬಾಳಿಕೆ. ಬಲಗಡೆ ಓಡಿಸುವ ದೇಶದಲ್ಲಿ ತಾವು ಸ್ಟೀರಿಂಗ್ ಮುಟ್ಟುವುದಿಲ್ಲ ಎಂದು ಅವರೇ ಮೊದಲು ಹೇಳಿದ್ದರು. ಮತ್ತೇಕೆ ತಂದದ್ದು? “ಒರಿಜಿನಲ್ ಲೈಸೆನ್ಸ್ ಜೊತೆಗಿಲ್ಲದೆ ಇದಕ್ಕೆ ಬೆಲೆಯಿಲ್ಲ. ಅದಕ್ಕೇ ಅದನ್ನೂ ತಂದಿದ್ದೀನಿ” ಎಂದರು. ನಾನು ಕೇಳಿದ್ದು ಅದಲ್ಲ. ಆದರೆ ಇಂಥವರ ಹತ್ತಿರ ಉತ್ತರ ಯಾವಾಗಲೂ ಸಿದ್ಧವಿರುತ್ತದೆ. ಪ್ರಶ್ನೆ ಯಾವುದು ಎಂಬುದು ಗೌಣ.

ಕಾರು ತೋರಿಸಲು ಬಂದವಳು ಬೇರೆ ಹುಡುಗಿ. ಎರಡು ಸುತ್ತು ಹಾಕಿ, ಹಾಳೆಯ ಮೇಲಿನ ಕಾರಿನ ಚಿತ್ರದಲ್ಲಿ ಮೂರು ಕಡೆ ಗುಣಾಕಾರ ಚಿಹ್ನೆ ಹಾಕಿ, ಕೀ ಕೊಟ್ಟು ಹೊರಟಳು. ಮಾವ ಅವಳನ್ನು ತಡೆದರು. ಫೋನಿನ ಟಾರ್ಚ್ ಹೊತ್ತಿಸಿ, ನನ್ನ ಕೈಗೆ ವಿಡಿಯೊ ಮಾಡಲು ಇನ್ನೊಂದು ಫೋನು ಕೊಟ್ಟು, ಪಂಚನಾಮೆಯ ಧಾಟಿಯಲ್ಲಿ ಶುರು ಮಾಡಿದರು. “ಸ್ಥಳ, ಕೆಫ್ಲಾವಿಕ್. ಎಡಗಡೆ ಹಿಂಬಾಗಿಲು, ಹಿಡಿಕೆಯ ಕೆಳಗೆ, ಅಂದಾಜು ಎರಡಿಂಚು ಗೀರು, ಹಳೆಯದು. ಬಲಗಡೆ ಮುಂದಿನ ಚಕ್ರದ ಅಂಚು, ಮೂರು ಕಡೆ ಉಜ್ಜಿದೆ, ಹಳೆಯದು. ಸ್ಟೆಪ್ನಿ ಇದೆ. ಜಾಕ್ ಇದೆ. ಎತ್ತಿ ತೋರಿಸು.” ಜಾಕನ್ನು ನಾನು ಕ್ಯಾಮೆರಾದ ಮುಂದೆ ಎತ್ತಿ ಹಿಡಿದೆ. ಆಮೇಲೆ ಅವರು ಅಂಗೈಯೂರಿ, ಮೊಣಕಾಲೂರಿ, ಮಂಕಿ ಕ್ಯಾಪ್ ನೆಲಕ್ಕೆ ತಾಗುವಷ್ಟು ಬಗ್ಗಿ ಕಾರಿನ ತಳ ನೋಡಿದರು. ತಳಕ್ಕೆ ವಿಮೆಯಿಲ್ಲವಲ್ಲ! ಹುಡುಗಿ ನಮ್ಮ ಧರ್ಮದಲ್ಲಿ ಪ್ರಯಾಣಕ್ಕೆ ಮುಂಚೆ ಹೀಗೆ ಮಾಡುವ ಪದ್ಧತಿ ಇರಬೇಕು ಎಂದುಕೊಂಡು ಗೌರವದಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಅವಳ ಹಾಳೆಯಲ್ಲಿ ಮೂರಿದ್ದ ಚಿಹ್ನೆ ಹದಿನೇಳಾಯಿತು. ಅಷ್ಟು ಸಣ್ಣ ಗೀರುಗಳನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಅವಳೆಂದರೆ, ಆ ಮಾತನ್ನೂ ಹಾಳೆಯ ಮೇಲೆ ಬರೆಸಿ ಸಹಿ ಹಾಕಿಸಿಕೊಂಡರು.

ಇಷ್ಟೆಲ್ಲ ಆದ ಮೇಲೆ ರಸ್ತೆ. ಟಾರು ರಸ್ತೆಯಲ್ಲಿ 90, ಜಲ್ಲಿಯಲ್ಲಿ 80, ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು. ಕ್ಯಾಮೆರಾಗೆ ಸಿಕ್ಕಿಬಿದ್ದರೆ ದಂಡದ ಜೊತೆಗೆ, ನಿನ್ನ ಹೆಸರನ್ನು ಪೊಲೀಸರಿಗೆ ಕೊಟ್ಟ ಶ್ರಮಕ್ಕೆ ಕಾರಿನ ಕಂಪನಿ ಬೇರೆ ಶುಲ್ಕ ಹಾಕುತ್ತದೆ ಎಂದು ಮಾವ ಪಕ್ಕದಲ್ಲಿ ಕೂತು ಹೇಳುತ್ತಿದ್ದರು. “1968ರ ಮೇ 26ರ ತನಕ ಇವರೂ ನಮ್ಮ ಹಾಗೆ ಎಡಗಡೇನೇ ಓಡಿಸ್ತಿದ್ರು. ಯಾಕೆ ಬದಲಾಯಿಸ್ಕೊಂಡ್ರೋ!” ಎಂದು ಒಮ್ಮೆ ನಿಟ್ಟುಸಿರಿಟ್ಟರು.

ಅವರಿಗೆ ಆ ದೇಶ ಕಂಡದ್ದೇ ಬೇರೆ ರೀತಿ. ನಮಗೆ ಹಸಿರು ಗುಡ್ಡ ಕಂಡಲ್ಲಿ ಅವರಿಗೆ ಕುರಿ ಕಾಣುತ್ತಿತ್ತು. “ನಿಧಾನ, ನಿಧಾನ! ತಾಯಿ ಈ ಕಡೆ ಇದೆ, ಮರಿ ಆ ಕಡೆ ಇದೆ. ಈಗ ಮರಿ ಅಡ್ಡ ಓಡತ್ತೆ ನೋಡು” ಎನ್ನುವುದರೊಳಗೆ ಮರಿ ಓಡಿಯೇಬಿಟ್ಟಿತು. ಹೇಳಿದೆನಲ್ಲ, ಅವರು ಹೇಳುವುದೆಲ್ಲ ಸರಿ. ಒಳನಾಡಿನ ಬೆಟ್ಟದ ಕಡೆಗೆ ತಿರುಗುವ ದಾರಿಯಲ್ಲಿ ‘ಎಫ್’ ಎಂದು ಶುರುವಾಗುವ ನಂಬರು ಕಂಡರೆ ಕೂಗಿಕೊಳ್ಳುತ್ತಿದ್ದರು. ಆ ರಸ್ತೆಗಳಿಗೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯೇ ಬೇಕೆಂಬುದು ಅಲ್ಲಿನ ಕಾನೂನು, ನಮ್ಮದು ಅದಲ್ಲ. ಅತ್ತೆ ಹಾಡಿನಲ್ಲಿ ನೋಡಿದ್ದ ಮುರಿದ ವಿಮಾನಕ್ಕೆ ಕಾರು ನಿಲ್ಲಿಸಿ ಬಹುದೂರ ನಡೆದು ಹೋದೆವು. ಅಷ್ಟು ದೂರ ಕಪ್ಪು ಮರಳಲ್ಲಿ ನಡೆದು ಬಂದ ಅತ್ತೆ ಶಾರುಖ್ ನಿಂತ ಜಾಗ ಯಾವುದೆಂದು ಹುಡುಕುತ್ತಿದ್ದರೆ ಮಾವ ಆ ಲೋಹದ ಚಿಪ್ಪನ್ನು ಬೆರಳಿನಿಂದ ತಟ್ಟಿ ನೋಡಿದರು. ಅಮೆರಿಕದ ನೌಕಾಪಡೆಯ ವಿಮಾನ, 1973ರಲ್ಲಿ ಅಲ್ಲಿ ಇಳಿದದ್ದು, ಒಳಗಿದ್ದವರೆಲ್ಲ ಬದುಕಿದರು ಎಂದು ನಾನು ಓದಿ ಹೇಳಿದೆ.

“1973ರಿಂದ ಸಾಲ್ವೇಜ್ ತೆಗೆದೇ ಇಲ್ಲ!” ಎಂದರು ಮಾವ. ಆ ದೇಶದಲ್ಲಿ ಅವರಿಗೆ ನಿಜವಾಗಿ ದುಃಖ ತಂದ ದೃಶ್ಯ ಅದೊಂದೇ.

ಇನ್ನು ಬಾಗಿಲಿನ ವಿಷಯ. ವಿಮೆಯಿಲ್ಲದ ನಾಲ್ಕು ಬಾಗಿಲುಗಳ ಹೊಣೆಯನ್ನು ಮಾವ ಖುದ್ದು ವಹಿಸಿಕೊಂಡಿದ್ದರು. ಬೆಳಗ್ಗೆ ಎದ್ದ ಕೂಡಲೇ ಅಲ್ಲಿನ ಹವಾಮಾನ ಕಚೇರಿಯವರು ಹಾಕುವ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ನೋಡುವುದು, ಸ್ನಾನ ಆಮೇಲೆ. ಕಾರು ನಿಂತರೂ ಯಾರೂ ಬಾಗಿಲು ಮುಟ್ಟುವಂತಿಲ್ಲ. “ಕೂತಿರಿ!” ಎಂದು ಅಪ್ಪಣೆ. ಹುಲ್ಲು ಯಾವ ಕಡೆ ಬಾಗಿದೆ, ಹೋಟೆಲಿನ ಮುಂದಿನ ಬಾವುಟ ಯಾವ ಕಡೆ ಹಾರುತ್ತಿದೆ ಎಂದು ನೋಡಿ, ಕಾರಿನ ಮೂತಿ ಗಾಳಿಗೆ ಎದುರಾಗುವಂತೆ ನಿಲ್ಲಿಸಿದ್ದೇನೆಯೇ ಎಂದು ಖಚಿತಪಡಿಸಿಕೊಂಡು, ಮೊದಲು ತಾವು ಎರಡೂ ಕೈಯಲ್ಲಿ ಬಾಗಿಲು ಹಿಡಿದು ಇಳಿಯುತ್ತಿದ್ದರು. ಆಮೇಲೆ ಸುತ್ತು ಬಳಸಿ ಬಂದು ಹೊರಗಿನಿಂದ ಒಂದೊಂದೇ ಬಾಗಿಲನ್ನು ಹಿಡಿದು ನಮ್ಮನ್ನು ಒಬ್ಬೊಬ್ಬರಾಗಿ ಬಿಡುಗಡೆ ಮಾಡುತ್ತಿದ್ದರು. ದೊಡ್ಡ ಹೋಟೆಲುಗಳ ಮುಂದೆ ಪೇಟ ಸುತ್ತಿಕೊಂಡವರು ಕೂಡ ಅಷ್ಟು ಶ್ರದ್ಧೆಯಿಂದ ಬಾಗಿಲು ತೆರೆದದ್ದನ್ನು ನಾನು ಕಂಡಿಲ್ಲ.

ಸ್ಕೋಗಾಫಾಸ್ ಜಲಪಾತದ ಮುಂದೆ ಹೀಗೆ ಕೂತಿದ್ದೆವು. ಅರವತ್ತು ಮೀಟರಿನಿಂದ ನೀರು ಒಂದೇ ಪರದೆಯಾಗಿ ಇಳಿಯುತ್ತಿತ್ತು, ಗಾಜಿನಾಚೆ ಕಾಮನಬಿಲ್ಲು. ಅತ್ತೆ ಸೆರಗು ಸರಿಮಾಡಿಕೊಂಡು, ಕೈಚೀಲ ಹಿಡಿದು ಸಿದ್ಧರಾಗಿದ್ದರು. ಮಾವ ಗಾಳಿಯ ಲೆಕ್ಕ ಹಾಕುತ್ತಿದ್ದರು.

“ರೀ, ಜೋಗ್ ಇದರ ನಾಲ್ಕರಷ್ಟಿದೆ. ಅದನ್ನ ನೋಡೋಕೆ ಹೋದಾಗ ಛತ್ರಿ ಕಳೆದುಹೋಗತ್ತೆ ಅಂತ ಬಸ್ಸಲ್ಲೇ ಕೂರಿಸಿದ್ರಿ. ಇದನ್ನೂ ಕಾರಲ್ಲೇ ಕೂತು ನೋಡ್ಬೇಕಾ?”

“ಸೆಕೆಂಡಿಗೆ ಇಪ್ಪತ್ತು ಮೀಟರ್ ಗಾಳಿ ಇದೆ ಕಣೇ.”

“ನಾನು ಎಪ್ಪತ್ತು ಕೇಜಿ ಇದ್ದೀನಿ. ಬಾಗಿಲು ತೆಗೀರಿ.”

ತೆಗೆದರು.

ಮಾವನ ಈ ವಿದ್ಯೆ ಐಸ್‌ಲ್ಯಾಂಡಿಗೆ ಮಾತ್ರ ಸೀಮಿತವಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ದೇಶಕ್ಕೊಂದು ಫೈಲಿದೆ. ಊರಲ್ಲಿ ಯಾರದೋ ಮದುವೆ ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಮಗ ಅಮೆರಿಕಕ್ಕೆ ಹೋಗ್ತಿದ್ದಾನೆ ಎಂದರೆ ಮುಗಿಯಿತು. ಕೋಸಂಬರಿಯಿಂದ ಶುರು: ಯುರೋಪಿನಲ್ಲಿ ಮೂರನೆಯವರಿಗೆ ಆಗುವ ನಷ್ಟದ ವಿಮೆ ಬಾಡಿಗೆಯಲ್ಲೇ ಸೇರಿರುತ್ತದೆ, ಅಮೆರಿಕದಲ್ಲಿ ರಾಜ್ಯದ ಕಾನೂನು ಕೇಳುವ ಕನಿಷ್ಠ ಮಾತ್ರ ಇರುವುದುಂಟು, ಅಲ್ಲಿನ ಆಸ್ಪತ್ರೆ ಮತ್ತು ವಕೀಲರಿಗೆ ಅದು ಎಲ್ಲಿಗೂ ಸಾಲದು, ಆದ್ದರಿಂದ ಹತ್ತು ಲಕ್ಷ ಡಾಲರಿನವರೆಗಿನ ಹೆಚ್ಚುವರಿ ರಕ್ಷಣೆ ಕೊಳ್ಳಬೇಕು. ಹುಳಿ ಬಡಿಸುವಾಗ ನ್ಯೂಜಿಲೆಂಡ್: ಅಪಘಾತದಲ್ಲಿ ಗಾಯವಾದರೆ ತಪ್ಪು ಯಾರದೆಂದು ಕೇಳದೆ ಪ್ರವಾಸಿಗರಿಗೂ ಚಿಕಿತ್ಸೆಗೆ ನೆರವಾಗುವ ಸರ್ಕಾರಿ ವ್ಯವಸ್ಥೆ 1974ರಿಂದ ಇದೆ, ಆದರೆ ಕ್ವೀನ್ಸ್‌ಟೌನ್ ಹತ್ತಿರದ ಸ್ಕಿಪ್ಪರ್ಸ್ ರಸ್ತೆಗೆ ಬಾಡಿಗೆ ಕಾರು ಇಳಿಸಿದರೆ ಕಾರಿನ ರಕ್ಷಣೆ ಅಲ್ಲಿಗೇ ಮುಗಿಯಿತು. ಹೋಳಿಗೆಯ ಹೊತ್ತಿಗೆ ಇಟಲಿ: ಹಳೇ ಪೇಟೆಯೊಳಗೆ ಪರವಾನಗಿಯಿಲ್ಲದೆ ಕಾರು ನುಗ್ಗಿಸಿದರೆ ತಿಂಗಳುಗಳು ಕಳೆದ ಮೇಲೂ ದಂಡದ ಚೀಟಿ ಬರುತ್ತದೆ, ಅದಕ್ಕೆ ಜಗತ್ತಿನ ಯಾವ ವಿಮೆಯೂ ಇಲ್ಲ. ಪಕ್ಕದವರು ಮಜ್ಜಿಗೆಗೂ ಕಾಯದೆ ಎದ್ದಿರುತ್ತಾರೆ. ಅವರ ಮಗ ಆರು ತಿಂಗಳ ನಂತರ ಅಮೆರಿಕದಿಂದ ಫೋನ್ ಮಾಡಿ “ಅಂಕಲ್, ನೀವು ಅವತ್ತು ಏನೋ ಹೇಳ್ತಿದ್ರಂತೆ” ಎನ್ನುವುದೂ ಉಂಟು.

ಇನ್ನು ಐಸ್‌ಲ್ಯಾಂಡ್ ಪ್ರವಾಸದಲ್ಲಿ ನಡೆಯಬೇಕಾದವು ಎರಡು ನಡೆದವು. ಒಂದು ಮಾವನಿಗೆ ಗೊತ್ತಿದ್ದದ್ದು, ಇನ್ನೊಂದು ಗೊತ್ತಿಲ್ಲದ್ದು.

ಗೊತ್ತಿದ್ದದ್ದು ಕಲ್ಲು. ಜಲ್ಲಿ ರಸ್ತೆಯಲ್ಲಿ ಎದುರು ಬಂದ ಲಾರಿ ದಾಟಿಹೋದ ಕೂಡಲೇ ಟಕ್ ಎಂದಿತು. ಗಾಜಿನ ಬಲಮೂಲೆಯಲ್ಲಿ ಕಡಲೆಬೇಳೆಯಷ್ಟು ಬಿಳಿ ಚುಕ್ಕೆ, ಅದರಿಂದ ಕೂದಲೆಳೆಯಂಥ ಒಂದು ಬಿರುಕು. ನಮ್ಮೆಲ್ಲರ ಮುಖ ಸಪ್ಪಗಾದರೆ ಮಾವನ ಮುಖ ಅರಳಿತು. ಕಾರು ನಿಲ್ಲಿಸಿ ಎಂದರು. ಗಾಳಿಯ ದಿಕ್ಕನ್ನೂ ನೋಡದೆ ಇಳಿದರು. ರಾತ್ರಿ ಹೋಟೆಲಿನಲ್ಲಿ ಕೂತು ಅಪಘಾತದ ವರದಿ ಬರೆದರು. ದಪ್ಪ ಅಕ್ಷರದಲ್ಲಿ, ರೂಲರ್ ಹಿಡಿದು. ರಸ್ತೆಯ ನಕ್ಷೆ, ಎರಡು ವಾಹನಗಳ ಸ್ಥಾನ, ಕಲ್ಲು ಬಂದ ದಿಕ್ಕಿಗೆ ಚುಕ್ಕೆ ಗೆರೆ, ಮೂಲೆಯಲ್ಲಿ ಉತ್ತರಕ್ಕೆ ಬಾಣ. ನಾನು ಚಾಲಕ ಎಂದು ಸಹಿ ಹಾಕಿದೆ, ಅತ್ತೆ ಸಾಕ್ಷಿ ಎಂದು ಸಹಿ ಹಾಕಿದರು. “ನೀವು ಆಗ ಮಲಗಿದ್ರಲ್ಲ ಅತ್ತೆ?” ಎಂದು ನನ್ನ ಹೆಂಡತಿ ಕೇಳಿದಾಗ ಮಾವ ಗಂಭೀರವಾಗಿ ಯೋಚಿಸಿ, ‘ಶಬ್ದಕ್ಕೆ ಎಚ್ಚರಗೊಂಡ’ ಎಂಬ ಮಾತನ್ನು ಸಾಕ್ಷಿಯ ಹೆಸರಿನ ಹಿಂದೆ ಸೇರಿಸಿದರು.

ಗೊತ್ತಿಲ್ಲದ್ದು ವಿಕ್ ಊರಿನಲ್ಲಿ ನಡೆದದ್ದು. ಗುಡ್ಡದ ಮೇಲಿನ ಚರ್ಚಿನ ಹತ್ತಿರ, ಮಾವ ಕೆಳಗೆ ಔಷಧಿ ಅಂಗಡಿಗೆ ಹೋಗಿದ್ದಾಗ, ನನ್ನ ಹೆಂಡತಿ ಕಾರನ್ನು ಹಿಂದಕ್ಕೆ ತೆಗೆದಳು. ಒಂದು ಗಿಡ್ಡ ಕಲ್ಲುಕಂಬ. ಬಂಪರಿನ ಎಡಮೂಲೆ ಅಂಗೈಯಗಲ ತರಚಿತು. ಅವಳ ಹೆಸರು ಕರಾರಿನಲ್ಲಿದೆ, ರಕ್ಷಣೆ ಸೊನ್ನೆಗೆ ಇಳಿದಿದೆ; ಕಂಪನಿಯ ಭಯ ಯಾರಿಗೂ ಇರಲಿಲ್ಲ. ಭಯವಿದ್ದದ್ದು ಔಷಧಿ ಅಂಗಡಿಯಿಂದ ಬರುತ್ತಿದ್ದವರದ್ದು. ಇನ್ನೊಂದು ವರದಿ, ಇನ್ನೊಂದು ನಕ್ಷೆ, ಕಂಬದ ಎತ್ತರದ ಅಳತೆ, ಚರ್ಚಿನವರ ಹೇಳಿಕೆ! ಅತ್ತೆಯೇ ಮುಂದಾದರು. ಪಕ್ಕದ ಗುಂಡಿಯಿಂದ ಒಂದು ಹಿಡಿ ಕೆಸರು ತೆಗೆದು ಬಂಪರಿಗೆ ನೀಟಾಗಿ ಮೆತ್ತಿ, ಕೈ ತೊಳೆದುಕೊಂಡು, “ಹಿಂಬದಿಗೆ ಹೋಗೋಕೆ ಬಿಡಬೇಡಿ” ಎಂದರು. ಅಲ್ಲಿಂದಾಚೆಗೆ ಡಿಕ್ಕಿಯಿಂದ ಸಾಮಾನು ಇಳಿಸುವ ಕೆಲಸವನ್ನು ಹೆಂಗಸರೇ ಮಾಡಿದರು. ಮಾವನಿಗೆ ಅದು ಮರ್ಯಾದೆಯೆಂದು ಅನಿಸಿತು.

ಕಾರು ವಾಪಸ್ ಕೊಡುವ ದಿನ ಅದೇ ಹಳದಿ ಗಡ್ಡದ ಹುಡುಗನಿದ್ದ. ಮಾವ ಫೋಲ್ಡರ್ ಬಿಚ್ಚಿ ವರದಿ, ನಕ್ಷೆ, ಫೋಟೊ, ಸಾಕ್ಷಿ ಎಲ್ಲವನ್ನೂ ಕಾರಿನ ಬಾನೆಟ್ ಮೇಲೆ ಹರಡಲು ಹೊರಟರು. ಹುಡುಗ ಗಾಜಿನ ಚುಕ್ಕೆ ನೋಡಿದ. “ಜಲ್ಲಿ ರಕ್ಷಣೆ ಇದೆಯಲ್ಲ, ಪರವಾಗಿಲ್ಲ” ಎಂದ. ಟ್ಯಾಬಿನಲ್ಲಿ ಏನೋ ಒತ್ತಿದ. ಮುಗಿಯಿತು.

ಮಾವನ ಕೈಯಲ್ಲಿ ಕಾಗದ ಹಾಗೇ ಉಳಿಯಿತು. “ವರದಿ ಬೇಡವೇ?” ಬೇಡ. “ಸರ್ವೇಯರ್ ಬರುವುದಿಲ್ಲವೇ?” ಇಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ, “ನೋಡೋದೇ ಇಲ್ಲ ಕಣೋ ಇವರು! ಹೀಗೆ ಕೊಡ್ತಾ ಹೋದ್ರೆ ಕಂಪನಿ ಉಳಿಯತ್ತಾ?” ಎಂದರು. ಅವರ ದನಿಯಲ್ಲಿ ನೋವಿತ್ತು. ಅಷ್ಟು ವರ್ಷ ಅವರು ಕಾಪಾಡಿದ ಏನೋ ಒಂದು ಅಲ್ಲಿ ಅರ್ಧ ನಿಮಿಷದಲ್ಲಿ ಕುಸಿದಿತ್ತು.

ಸುಮ್ಮನಿರಲಾಗಲಿಲ್ಲ ಅವರಿಗೆ. ಸರ್ವೇ ಎಂದರೆ ಹೇಗಿರಬೇಕು ಎಂದು ಆ ಹುಡುಗನಿಗೆ ತೋರಿಸಿಯೇ ಹೋಗುವುದೆಂದು ಟಾರ್ಚ್ ಹೊತ್ತಿಸಿದರು. ಮುಂದಿನಿಂದ ಎಡಕ್ಕೆ, ಎಡದಿಂದ ಹಿಂದಕ್ಕೆ. ನನ್ನ ಹೆಂಡತಿ ಅಡ್ಡ ಬಂದಳು, ಅತ್ತೆ ಹೊತ್ತಾಯಿತು ಎಂದರು. ಮಾವ ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಣಗಿದ ಕೆಸರಿನ ಮೇಲೆ ಉಗುರಾಡಿಸಿದರು. ಹಕ್ಕಳೆ ಕಳಚಿ ಬಿತ್ತು. ಒಂದು ಕ್ಷಣ ನೋಡಿದರು, ಮೂಸಿದರು, ಎದ್ದು ನಿಂತು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಘೋಷಿಸಿದರು: ಇದು ಹಳೇ ಗೀರಲ್ಲ, ಹೊಸದು!

ಜೀವಮಾನದಲ್ಲಿ ಅವರು ಆ ಮಾತನ್ನು ಹೇಳಿದ್ದು ಅದೇ ಮೊದಲಿರಬೇಕು. ಅದೂ ನಮ್ಮ ವಿರುದ್ಧ.

ಹುಡುಗ ಬಗ್ಗಿ ನೋಡಿ, “ಇದೂ ಸೇರಿದೆ, ಪರವಾಗಿಲ್ಲ” ಎಂದು ಕೀ ತೆಗೆದುಕೊಂಡು ಹೋದ.

ಟರ್ಮಿನಲ್‌ಗೆ ಹೋಗುವ ಬಸ್ಸಿನಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಮಾವ ಫೋಲ್ಡರಿನ ಬಟನ್ ಹಾಕಿದರು, ತೆಗೆದರು, ಮತ್ತೆ ಹಾಕಿದರು.

“ಎಲ್ಲಿ ಆಗಿದ್ದು ಅದು?”

ನಾನು ಕಿಟಕಿಯಾಚೆ ನೋಡಿದೆ. ನನ್ನ ಹೆಂಡತಿ ಬ್ಯಾಗಿನಲ್ಲಿ ಪಾಸ್‌ಪೋರ್ಟ್ ಹುಡುಕಿದಳು.

“ಕುರಿ ಗುದ್ದಿತು ರೀ” ಎಂದರು ಅತ್ತೆ. “ಬೂದಿಗೆ ಬೆದರಿ.”

ಮಾವ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ಅತ್ತೆಯನ್ನೇ ನೋಡಿದರು.

“112ಕ್ಕೆ ಫೋನ್ ಮಾಡಿದ್ರಾ?”